ಕೇಳಿದ್ದು ಸಿಗ್ನಲ್, ಬಂದದ್ದು ಬೆಂಚು

ಕ್ಷೌರಿಕನ ಅಂಗಡಿಯ ಮುಂದೆ ಅಗಲವಾದ ರಸ್ತೆ. ದಾಟಿದರೆ ಬಸ್ ನಿಲ್ದಾಣ, ಔಷಧಿ ಅಂಗಡಿ, ಮಕ್ಕಳ ಶಾಲೆ. ಆದರೆ ದಾಟುವುದು ಹೇಗೆ? ಅಲ್ಲಿ ಓಡುವ ಗಾಡಿಗಳು ಯಾರಪ್ಪನ ಮಾತನ್ನೂ ಕೇಳುವುದಿಲ್ಲ. ಒಂದು ಬೆಳಿಗ್ಗೆ ಕ್ಷೌರಿಕನ ತಾಯಿ ಮಾತ್ರೆ ತರಲು ಹೊರಟವರು, ವ್ಯಾನೊಂದು ಮೈಮೇಲೆ ಬಂದಂತಾಗಿ ಹಿಂದೆ ಸರಿಯುವಾಗ ಬಿದ್ದು ಮೊಣಕೈ ತರಚಿಕೊಂಡರು.

ಮಹಡಿ ಮನೆಯ ನರ್ಸಕ್ಕ ಕಟಿಂಗ್ ಕುರ್ಚಿಯಲ್ಲೇ ಅವರನ್ನು ಕೂರಿಸಿ ಪಟ್ಟಿ ಕಟ್ಟಿದಳು.

"ಇವತ್ತು ಸಂಜೆ ವಾರ್ಡ್ ಸಭೆ ಇದೆ. ಹೋಗಿ ಸಿಗ್ನಲ್ ಕೇಳಪ್ಪ," ಎಂದಳು ಕ್ಷೌರಿಕನಿಗೆ.

"ನಾನಾ? ನಾವು ಹೊರದೇಶದಿಂದ ಬಂದವರು ಅಕ್ಕ. ಪೌರತ್ವದ ಅರ್ಜಿ ಇನ್ನೂ ಕಚೇರೀಲಿದೆ. ಈಗ ಹೋಗಿ ತಕರಾರು ತೆಗೆದ್ರೆ ಅದಕ್ಕೆ ಕಲ್ಲು ಬೀಳುತ್ತೆ."

"ಹೋದ ಸಲ ಏನ್ಮಾಡ್ದೆ?"

ಕ್ಷೌರಿಕ ತಲೆ ಕೆರೆದುಕೊಂಡ. ಹೋದ ಸಲ ಪಕ್ಕದ ಮನೆಯ ತಾತನಿಗೆ ಪುಕ್ಕಟೆ ಕಟಿಂಗ್ ಮಾಡಿ, "ನೀವು ಇಲ್ಲೇ ಹುಟ್ಟಿದವರು, ನಮ್ಮ ಪರವಾಗಿ ಸಿಗ್ನಲ್ ಕೇಳಿ" ಎಂದು ಕಳಿಸಿದ್ದ. ತಾತ ಒಳ್ಳೆಯವರೇ. ಆದರೆ ಸಭೆಯಲ್ಲಿ ಎದ್ದು ನಿಂತ ಕೂಡಲೇ ಅವರಿಗೆ ತಮ್ಮ ಮಂಡಿನೋವು ನೆನಪಾಯಿತು. ರಸ್ತೆಬದಿಗೆ ಬೆಂಚು ಕೇಳಿ ಬಂದರು. ಅದು ಬಂದೂ ಬಂತು.

"ಬೆಂಚು ಚೆನ್ನಾಗೇ ಇದೆ," ಎಂದರು ತಾಯಿ. "ಬಿದ್ದ ಮೇಲೆ ಅದರಲ್ಲೇ ಕೂತ್ಕೊಂಡೆ."

ನರ್ಸಕ್ಕನಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಹೇಳಿದಳು: "ನೋಡು, ಇಲ್ಲಿ ವೋಟು ಹಾಕೋಕೆ ಪೌರತ್ವ ಬೇಕು. ವಾರ್ಡ್ ಸಭೇಲಿ ಮಾತಾಡೋಕೆ ಬೇಡ, ಈ ವಾರ್ಡಲ್ಲಿ ವಾಸ ಇದ್ರೆ ಸಾಕು. ನಾನೂ ಹೊರಗಿಂದ ಬಂದವಳೇ ಅಲ್ವಾ? ನಿನ್ನ ಥರಾನೇ ಹೆದರ್ಕೊಂಡಿದ್ದೆ. ಉಚಿತ ಕಾನೂನು ಸಲಹಾ ಕೇಂದ್ರಕ್ಕೆ ಹೋಗಿ ಕೇಳ್ದೆ. ಸಿಗ್ನಲ್ ಕೇಳಿದ್ರು ಅಂತ ಯಾರ ಅರ್ಜೀನೂ ತಳ್ಳಿಹಾಕೋ ಹಾಗಿಲ್ಲ ಅಂದ್ರು. ಆಮೇಲೆ ಸಭೇಲಿ ಮಾತಾಡ್ದೆ, ಪೌರತ್ವಾನೂ ಬಂತು."

"ನಂಗೆ ಮಾತು ಬರಲ್ಲ ಅಕ್ಕ."

"ನಿಂಗಾ! ಕುರ್ಚೀಲಿ ಕೂತವರ ಕಿವಿ ತೂತು ಬೀಳೋ ಹಾಗೆ ಮಾತಾಡ್ತೀಯಲ್ಲೋ!"

ಸಂಜೆ ಕ್ಷೌರಿಕ ತಾಯಿಯನ್ನು ಸಭೆಗೆ ಕರೆದುಕೊಂಡು ಹೋಗಿ ಬಾಗಿಲ ಬಳಿಯ ಕೊನೇ ಸಾಲಿನಲ್ಲಿ ಕೂತ. ಅವನ ಸರದಿ ಬಂದಾಗ ಅಧ್ಯಕ್ಷೆಯ ಕಡೆ ತಿರುಗಿ ಎದ್ದು ನಿಂತ. ಅಂಗಡಿಯಲ್ಲಿ ಇಡೀ ಜಗತ್ತಿಗೆ ಬುದ್ಧಿ ಹೇಳುವ ನಾಲಿಗೆ ಎಲ್ಲಿ ಅಡಗಿತೋ. ಪಕ್ಕಕ್ಕೆ ನೋಡಿದ, ತಾಯಿಯ ಪಟ್ಟಿಯಲ್ಲಿ ರಕ್ತ ಒಸರಿತ್ತು. ಸಿಟ್ಟು ಬಂತು, ಸಿಟ್ಟಿನ ಜೊತೆ ಮಾತೂ ಬಂತು.

"ಮೇಡಂ, ಇವರು ನಮ್ಮಮ್ಮ. ಬೆಳಿಗ್ಗೆ ನನ್ನ ಅಂಗಡಿ ಮುಂದೆ ಬಿದ್ರು. ನಾಳೆ ಯಾರ ಮನೆಯವರೋ ಗೊತ್ತಿಲ್ಲ. ನಿಮ್ಮೆಲ್ಲರ ಮಕ್ಕಳೂ ಅಲ್ಲೇ ದಾಟ್ತಾರೆ. ನಮ್ಮ ರಸ್ತೆಗೆ ಸಿಗ್ನಲ್ ಬೇಕು."

ನಮ್ಮ ರಸ್ತೆ ಎಂದು ತಾನು ಹೇಳಿದ್ದು ಕೇಳಿ ಅವನಿಗೇ ಆಶ್ಚರ್ಯವಾಯಿತು. ಇಷ್ಟು ವರ್ಷ ಅವನು ಅದನ್ನು ಹಾಗೆ ಕರೆದಿರಲಿಲ್ಲ.

ತಾತ ಮಂಡಿ ಹಿಡಿದುಕೊಂಡು ಎದ್ದರು. "ಹೋದ ಸಲ ಇವನು ಇದನ್ನೇ ಹೇಳಿ ಅಂತ ನನ್ನ ಕಳಿಸಿದ್ದ. ನಾನು ಬೆಂಚು ಕೇಳ್ಬಿಟ್ಟೆ!" ಸಭೆಯೆಲ್ಲ ನಕ್ಕಿತು. ಅಧ್ಯಕ್ಷೆ ಬರೆದುಕೊಂಡರು. ಪೌರತ್ವದ ಅರ್ಜಿಯ ಮಾತನ್ನು ಯಾರೂ ಎತ್ತಲಿಲ್ಲ.

ಕೆಲವು ತಿಂಗಳಲ್ಲಿ ಸಿಗ್ನಲ್ ಬಂತು. ಅರ್ಜಿ ಇನ್ನೂ ಕಚೇರಿಯಲ್ಲೇ ಇದೆ, ಅದರ ಪಾಡಿಗೆ ಅದು ನಡೆಯುತ್ತಿದೆ. ತಾಯಿ ಈಗ ಮಾತ್ರೆಗೆ ಒಬ್ಬರೇ ಹೋಗಿ ಬರುತ್ತಾರೆ.

ನೀವೂ ಬೇರೆ ಕಡೆಯಿಂದ ಬಂದು ನೆಲೆಸಿದವರೇ? ನಿಮ್ಮ ಬಡಾವಣೆಯ ಸಭೆಯಲ್ಲಿ ಯಾರು ಮಾತಾಡಬಹುದು ಎಂದು ಕಚೇರಿಗೇ ಹೋಗಿ ಕೇಳಿ. ಅರ್ಜಿಯ ಬಗ್ಗೆ ಭಯವಿದ್ದರೆ ಕಾನೂನು ಬಲ್ಲವರನ್ನು ವಿಚಾರಿಸಿ, ಗಾಳಿಮಾತು ನಂಬಬೇಡಿ. ಅಲ್ಲೇ ಹುಟ್ಟಿ ಬೆಳೆದವರೇ? ಮುಂದಿನ ಸಭೆಗೆ ಪಕ್ಕದ ಮನೆಯವರನ್ನೂ ಕರೆದುಕೊಂಡು ಹೋಗಿ. ಅವರ ಕಷ್ಟ ಅವರೇ ಹೇಳಲಿ. ನಿಮಗೆ ಮಂಡಿನೋವಿದ್ದರೆ, ಬೆಂಚು ನೀವು ಕೇಳಿ.