ಕಿವಿ ಹತ್ತಿರದ ಸದ್ದು

ಫಿಸಿಯೋಥೆರಪಿ ಕಲಿಯುತ್ತಿರುವ ನನಗೆ ಅಂದು ಮೇಡಂ ಮೊದಲ ಸಲ ಒಬ್ಬ ರೋಗಿಯನ್ನು ಒಪ್ಪಿಸಿದ್ದರು. ಖುಷಿಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಬಂದವರು ಟೈಲರ್ ಆಂಟಿ. ಬೆಳಿಗ್ಗೆ ಏಳುವಷ್ಟರಲ್ಲಿ ಅವರ ದವಡೆ ಹಿಡಿದುಕೊಂಡಿರುತ್ತದಂತೆ.

"ದಾರ ಹಲ್ಲಲ್ಲೇ ಕಡೀತೀರಾ, ಆಂಟಿ?"

"ಕತ್ರಿ ಹುಡುಕೋದ್ಯಾರು ಮಗು? ಹಲ್ಲಾದ್ರೆ ಇಟ್ಟಲ್ಲೇ ಇರುತ್ತೆ."

"ಬಾಯಿ ತೆಗೀರಿ. ಇನ್ನೂ ದೊಡ್ಡದಾಗಿ."

"ನಮ್ಮನೆಯವ್ರು ಇದ್ದಿದ್ರೆ ನಗೋರು. ಬಾಯಿ ಮುಚ್ಚೇ ಅಂತಲೇ ಜೀವನ ಕಳೆದ್ರು."

ಬಾಯಲ್ಲಿ ಅವರದೇ ಮೂರು ಬೆರಳು ಹಿಡಿಯಬೇಕಿತ್ತು, ಎರಡಕ್ಕೇ ನಿಂತಿತು. ತೆರೆಯುವಾಗ ದವಡೆ ಎಡಕ್ಕೆ ವಾಲಿತು. ಕೆನ್ನೆಯ ಸ್ನಾಯು ಗೋಲಿಯಷ್ಟು ಗಟ್ಟಿ. ಹಲ್ಲಿನ ತುದಿಗಳೆಲ್ಲ ಸವೆದು ಚಪ್ಪಟೆ.

"ನಿದ್ದೇಲಿ ಹಲ್ಲು ಕಡಿಯೋ ಅಭ್ಯಾಸ ಇದ್ಯಾ?"

"ನಂಗಿಲ್ಲಮ್ಮ, ಅವ್ರಿಗೆ." ದನಿ ಇಳಿಸಿದರು. "ಹೋಗಿ ವರ್ಷ ಆಯ್ತು, ಈಗ್ಲೂ ಕಡೀತಾರೆ. ಅರೆನಿದ್ದೇಲಿ ಕಿವಿ ಹತ್ರಾನೇ ಕೇಳ್ಸುತ್ತೆ. ಮಗಳಿಗೆ ಹೇಳಿಲ್ಲ, ತಲೆ ಕೆಟ್ಟಿದೆ ಅಂತಾಳೆ. ಆ ಸದ್ದಿದ್ರೇನೇ ನಂಗೆ ಧೈರ್ಯ."

ನನಗೆ ತಕ್ಷಣ ಹೊಳೆಯಿತು. ಸುಮ್ಮನಿರಬಹುದಿತ್ತು, ಉತ್ತರ ಸಿಕ್ಕ ಹುಮ್ಮಸ್ಸು ಬಿಡಲಿಲ್ಲ. ಸ್ಟೆತಾಸ್ಕೋಪಿನ ಬಿಲ್ಲೆಯನ್ನು ಅವರ ಕಿವಿಯ ಮುಂದಿನ ದವಡೆ ಕೀಲಿನ ಮೇಲಿಟ್ಟು, ಕೊಳವೆಗಳನ್ನು ಅವರ ಕಿವಿಗೇ ಸಿಕ್ಕಿಸಿದೆ.

"ಈಗ ಹಲ್ಲು ಕಡೀರಿ."

ಕಡಿದರು. ಮುಖ ಬಿಳಿಚಿಕೊಂಡಿತು.

"ಇದು... ಅವ್ರೇ."

"ಅಲ್ಲ ಆಂಟಿ, ನೀವೇ! ರಾತ್ರಿ ಕಡಿಯೋದೂ ನೀವೇ. ದಂತವೈದ್ಯರ ಹತ್ರ ರಾತ್ರಿ ಹಲ್ಲಿಗೆ ಹಾಕ್ಕೊಳ್ಳೋ ಪ್ಲೇಟ್ ಮಾಡಿಸ್ಕೊಂಡ್ರೆ ಸದ್ದು ನಿಂತೇ ಹೋಗುತ್ತೆ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅವರು ತಮ್ಮ ಬೆರಳುಗಳನ್ನೇ ನೋಡುತ್ತಾ ಕೂತರು. "ಹಾಗಾದ್ರೆ ಬೇಡ ಬಿಡು. ನೋವಿದ್ರೆ ಇರ್ಲಿ."

ಕಲಿತದ್ದನ್ನೇ ಮೆಲ್ಲಗೆ ಹೇಳಿದೆ. "ತುಟಿ ಮುಚ್ಚಿ. ಹಲ್ಲಿಗೆ ಹಲ್ಲು ತಾಗದೆ ಇರ್ಲಿ. ದವಡೆ ಸಡಿಲ ಬಿಡಿ."

ಬಿಲ್ಲೆಯನ್ನು ಇದ್ದಲ್ಲೇ ಹಿಡಿದು, ಇನ್ನೊಂದು ಬದಿಯ ಕೀಲಿನ ಮೇಲೆ ಬೆರಳಿಟ್ಟೆ. ಕೆನ್ನೆ ಮೆತ್ತಗಾಯಿತು. ದವಡೆ ನಿಶ್ಚಲ.

ಅವರ ಕಣ್ಣುಗಳು ಅರಳಿದವು. ಬಾಯಿ ತೆರೆಯದೆ, ಕಿವಿಯಲ್ಲಿದ್ದ ಕೊಳವೆಯತ್ತ ಬೆರಳು ತೋರಿಸಿದರು. ಹಾಗೇ ಕೇಳಿಸಿಕೊಳ್ಳುತ್ತಾ ಕೂತರು. ನನ್ನ ಬೆರಳಡಿ ಕೂದಲೆಳೆಯಷ್ಟೂ ಅಲುಗಾಟವಿರಲಿಲ್ಲ.

ಆಮೇಲೆ ನಕ್ಕು ಕೊಳವೆ ತೆಗೆದರು.

"ಪ್ಲೇಟಿಗೆ ಬರ್ಕೊಡು ಮಗು. ನಾನು ಕಡೀದೇ ಇದ್ರೂ ಕೇಳ್ಸ್ತು, ಅವ್ರೇನೂ ಹೋಗಲ್ಲ. ಬೇಕಾದ್ರೆ ನೀನೇ ಕೇಳು."

ಸ್ಟೆತಾಸ್ಕೋಪ್ ಚಾಚಿದರು. ನಾನು ಇಸಿದುಕೊಂಡೆ. ಕಿವಿಗಿಟ್ಟುಕೊಳ್ಳಲಿಲ್ಲ.