ಅಂಗಿ ಬಿಚ್ಚಿದ ಹೀರೋ

ಸಿನಿಮಾದಲ್ಲಿ ಹೀರೋ ಅಂಗಿ ಬಿಚ್ಚಿದರೆ ಒಂದು ಲಾರಿ ರೌಡಿಗಳು ಗಾಳಿಯಲ್ಲಿ ಹಾರುತ್ತಾರೆ. ಬಿಂಡಿಗನವಿಲೆಯ ಕಿಟ್ಟಿ ಅಂಗಿ ಬಿಚ್ಚಿದ್ದು ಮಾತ್ರ ದಿಂಬಿಗೆ ಒರಗಿ ಮಿಸುಕಾಡದೆ ಬಿದ್ದಿರುವುದಕ್ಕೆ. ಅವನ ಬರೀ ಎದೆಯ ಮೇಲೆ ಮಗಳು ಕಪ್ಪೆಮರಿಯಂತೆ ಕೈಕಾಲು ಮಡಚಿಕೊಂಡು ಮಲಗಿದ್ದಳು. ದಿನ ತುಂಬುವ ಮೊದಲೇ ಹುಟ್ಟಿದವಳು, ಎರಡು ಕೇಜಿಗೂ ಕಮ್ಮಿ. ಇಬ್ಬರನ್ನೂ ಸೇರಿಸಿ ಹಳೇ ಸೀರೆಯಲ್ಲಿ ಸುತ್ತಿ ಮೇಲೆ ಕಂಬಳಿ ಹೊದಿಸಿದ್ದರು.

ಮೈಯ ಬಿಸಿ ಹಿಡಿದಿಟ್ಟುಕೊಳ್ಳುವ ತ್ರಾಣ ಕೂಸಿಗೆ ಇನ್ನೂ ಬಂದಿಲ್ಲ, ಆಸ್ಪತ್ರೆಯ ಗಾಜಿನ ಪೆಟ್ಟಿಗೆ ಮಾಡಿದ ಕೆಲಸವನ್ನು ಮನೆಯಲ್ಲಿ ನಿಮ್ಮ ಮೈಯೇ ಮಾಡಬೇಕು ಎಂದು ಆಶಾ ಕಾರ್ಯಕರ್ತೆ ಅರ್ಪಿತ ಹೇಳಿದ್ದಳು. ಹೆಂಡತಿ ಸುಧಳಿಗೆ ಆಪರೇಷನ್ ಹೊಲಿಗೆ ಮಾಗಿರಲಿಲ್ಲ. ಹಾಗಾಗಿ ಹಗಲು ಅವಳು, ರಾತ್ರಿ ಇವನು. ಮೊದಲ ದಿನ ಕಿಟ್ಟಿ ಗುಂಡಿ ಬಿಚ್ಚುತ್ತಾ ಬಾಗಿಲಲ್ಲೇ ನಿಂತು ಡೈಲಾಗ್ ಹೊಡೆದಿದ್ದ.

“ಎದೆ ತೋರ್ಸಕ್ಕೆ ಬಂದಿಲ್ಲ ಕಣೇ, ಎದೆ ಕೊಡಕ್ಕೆ ಬಂದಿವ್ನಿ.”

“ಮೊದ್ಲು ಆ ಎದೆಗೆ ಸೋಪಾಕ್ಕೊಂಡ್ ಬಾ,” ಅಂದಿದ್ದಳು ಸುಧ. “ಡೀಸೆಲ್ ವಾಸ್ನೆ ಬತ್ತಾ ಅದೆ.”

ಇವತ್ತು ಡೈಲಾಗ್ ಇರಲಿಲ್ಲ. ಸಂಜೆ ಅವನು ಗೂಡ್ಸ್ ಆಟೋದಲ್ಲಿ ತೆಂಗಿನಕಾಯಿ ತುಂಬಿಕೊಂಡು ನಾಗಮಂಗಲಕ್ಕೆ ಹೋಗಿದ್ದ. ಸುಧ ಕೂಸನ್ನು ತನ್ನ ಅವ್ವ ಸಿದ್ದಲಿಂಗಮ್ಮನ ಕೈಗೆ ಕೊಟ್ಟು, ಮಾತ್ರೆ ನುಂಗಿ ಕಣ್ಣು ಮುಚ್ಚಿದ್ದಳು. ಆ ಹೊತ್ತಲ್ಲಿ ಅತ್ತೆ ಸಿದ್ದಲಿಂಗಮ್ಮ ಕೂಸಿಗೆ ಎಣ್ಣೆ ತಿಕ್ಕಿ ಹಂಡೆ ನೀರು ಹುಯ್ದುಬಿಟ್ಟಿದ್ದರು. ತೂಕ ಏರುವ ತನಕ ಸ್ನಾನ ಬೇಡವೆಂದು ಅರ್ಪಿತ ಹೇಳಿಹೋಗಿದ್ದಳು. ಹೊರಗೆ ಮಾರ್ಗಶಿರದ ಚಳಿ. ಕಿಟ್ಟಿ ಬಂದು ಕೂಸಿನ ಪಾದ ಮುಟ್ಟಿದರೆ ನೀರಿನ ಕೊಡದ ತಳ ಮುಟ್ಟಿದ ಹಾಗಿತ್ತು.

“ಯಾಕತ್ತೆ ಇಂಗ್ ಮಾಡುದ್ರಿ?”

“ನೀರು ಉಯ್ದ್ರೆ ನಿದ್ದೆ ಚೆಂದಾಗಿ ಬತ್ತದೆ ಅಂತ ಉಯ್ದೆ ಕಣಪ್ಪ. ನಾನು ಮಕ್ಳ ಸಾಕಿಲ್ವಾ?”

“ನಿಮ್ ಮಕ್ಳು ಕುಂಬ್ಳಕಾಯಿ ಇದ್ದಂಗಿದ್ರು. ಇದು ಹೀರೆ ಹೂವು.”

ಸಿದ್ದಲಿಂಗಮ್ಮ ಹೋಗಿ ಬಾಗಿಲ ಮೂಲೆಯಲ್ಲಿ ಕೂತರು.

ಕಿಟ್ಟಿ ಅರ್ಪಿತಳಿಗೆ ಫೋನ್ ಮಾಡಿದ. “ಹಾಲು ಕುಡೀತು. ಹೊಟ್ಟೆ ಬೆಚ್ಚಗದೆ. ಪಾದ ಮಾತ್ರ ಐಸು ಕಣಕ್ಕ.”

“ಟೋಪಿ ಹಾಕಿ ಎದೆಗೆ ಕಟ್ಕಳಿ. ಒಂದು ಗಂಟೆ ನೋಡಿ. ಪಾದ ಬೆಚ್ಚಗಾಗ್ಲಿಲ್ಲ ಅಂದ್ರೆ ಫೋನ್ ಮಾಡಿ, ಆಂಬುಲೆನ್ಸಿಗೆ ಹೇಳ್ತೀನಿ. ನಿದ್ದೆ ಮಾಡ್ಬುಟ್ಟೀರ, ಉಷಾರು.”

ಊರಲ್ಲಿ ಯಾರ ಚಪ್ಪಲಿಯನ್ನೂ ಬಿಟ್ಟ ಜಾಗದಲ್ಲಿ ಇರಗೊಡದವನು ಕಿಟ್ಟಿ. ಇಂಟರ್ವಲ್ ತನಕವೂ ಸೀಟಲ್ಲಿ ಕೂತವನಲ್ಲ. ಈಗ ಮೂಗಿನ ತುದಿಯ ಮೇಲೆ ಸೊಳ್ಳೆ ಕೂತು ನಿಧಾನಕ್ಕೆ ಊಟ ಮಾಡಿ ಎದ್ದುಹೋದರೂ ಸುಮ್ಮನಿದ್ದ. ಹೊಡೆಯೋಣವೆಂದರೆ ವಿಲನ್ ಇಲ್ಲ. ಚಳಿಯ ಕಾಲರ್ ಹಿಡಿಯೋಕಾಗುತ್ತಾ? ಅವನ ಕೈಲಿ ಆಗುತ್ತಿದ್ದುದು ಒಂದೇ, ಬಿಸಿಯಾಗಿ ಇರುವುದು. ಅದನ್ನಾದರೂ ಜೋರಾಗಿ ಮಾಡೋಣವೆಂದರೆ ಹೇಗೆ ಅಂತ ಗೊತ್ತಿರಲಿಲ್ಲ.

ಅಷ್ಟರಲ್ಲಿ ಎದೆಯ ಕೆಳಗೆ ಬೆಚ್ಚಗೆ ಏನೋ ಹರಿಯಿತು. ಒಂದು ಕ್ಷಣ ಖುಷಿಯಾಯಿತು. ಮರುಕ್ಷಣ ಅದು ಆರತೊಡಗಿತು.

“ಅತ್ತೆ.”

“ಹೂಂ.” ಮೂಲೆಯಲ್ಲಿ ಅವರೂ ಮಲಗಿರಲಿಲ್ಲ.

“ಉಚ್ಚೆ ಉಯ್ದದೆ.”

“ಯಾರು?”

“ನಾನಲ್ಲ.”

ಸಿದ್ದಲಿಂಗಮ್ಮ ಕಂಬಳಿಯೊಳಗೇ ಕೈ ತೂರಿಸಿ ಒದ್ದೆ ಬಟ್ಟೆ ಎಳೆದು, ಅಳಿಯನ ಹೊಟ್ಟೆಯನ್ನೂ ಒರೆಸಿ, ಒಣ ಬಟ್ಟೆ ಸುತ್ತಿದರು. ಕೈ ಪಾದಕ್ಕೆ ತಾಗಿದಾಗ ನಿಂತುಬಿಟ್ಟಿತು.

“ಇನ್ನೂವೆ ಅಂಗೇ ಅವೆ,” ಅಂದರು. “ಕೆಂಡ ತರ್ಲಾ?”

“ಬ್ಯಾಡ. ಮುಚ್ಚಿದ ರೂಮಲ್ಲಿ ಹೊಗೆ ಕಟ್ಕತದೆ ಅಂತ ಅರ್ಪಿತ ಅಂದವ್ಳೆ.”

“ಮತ್ತೆ ಏನ್ಲಾ ಮಾಡದು?” ಅಳಿಯ ಅನ್ನುವುದು ಮರೆತು ಬಾಯಿಂದ ಬಂದುಬಿಟ್ಟಿತ್ತು.

“ಗೊತ್ತಿಲ್ಲ ಅತ್ತೆ.”

ಅವರು ಅಂಗೈ ಅಂಗೈ ಉಜ್ಜಿ, ಬಾಯಿಂದ ಊದಿ, ಎರಡೂ ಪಾದಗಳನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂತರು. ಕಿಟ್ಟಿ ಮಗಳ ಬೆನ್ನಿನ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದ. ಉಸಿರು ಅಂಗೈಗೆ ಸಿಗುತ್ತಿತ್ತು, ನಡುವೆ ತಪ್ಪಿಹೋಗುತ್ತಿತ್ತು, ಮತ್ತೆ ಸಿಗುತ್ತಿತ್ತು. ತಪ್ಪಿದಾಗಲೆಲ್ಲ ಅವನ ಉಸಿರೂ ನಿಲ್ಲುತ್ತಿತ್ತು. ಅರ್ಪಿತ ಕೊಟ್ಟ ಗಡುವು ಮುಗಿಯುತ್ತಾ ಬಂತು.

“ಬೆಚ್ಚಗಾದ್ವಾ?”

“ಗೊತ್ತಾಯ್ತಾ ಇಲ್ಲ ಕಣಪ್ಪ. ನನ್ ಕೈ ಬಿಸಿಯೋ, ಅದರ ಕಾಲು ಬಿಸಿಯೋ.”

“ಕೈ ತೆಗ್ದು ನೋಡಿ.”

“ತೆಗ್ಯಕ್ಕೆ ಭಯ ಆಯ್ತದೆ.”

ಕಿಟ್ಟಿ ತನ್ನ ಕೈ ಇಳಿಸಿ ನೋಡಿದ. ಅದೂ ಕಾದಿತ್ತು, ಅವನಿಗೂ ತಿಳಿಯಲಿಲ್ಲ. ಕೊನೆಗೆ ಪಕ್ಕದಲ್ಲಿದ್ದ ಸುಧಳನ್ನು ಎಬ್ಬಿಸಿದ. ನಿದ್ದೆಗಣ್ಣಲ್ಲೇ ಅವಳು ಕೈ ಚಾಚಿದಳು. ಸಿದ್ದಲಿಂಗಮ್ಮ ಒಂದು ಪಾದ ಮಾತ್ರ ಬಿಟ್ಟುಕೊಟ್ಟರು. ಸುಧ ಅದನ್ನು ಹಿಡಿದಳು, ಹಿಮ್ಮಡಿ ಸವರಿದಳು, ಒಂದೊಂದೇ ಬೆರಳು ಮುಟ್ಟಿದಳು.

“ಬೆಚ್ಚಗದೆ,” ಅಂದಳು.

ಸುಧ ಕೈ ಎಳೆದುಕೊಳ್ಳುವಷ್ಟರಲ್ಲಿ ಸಿದ್ದಲಿಂಗಮ್ಮ ಆ ಪಾದವನ್ನು ಮತ್ತೆ ಮುಷ್ಟಿಗೆ ತೆಗೆದುಕೊಂಡಿದ್ದರು.

“ಸುಧಾ,” ಅಂದ ಕಿಟ್ಟಿ. “ಇನ್ನೊಂದ್ಸಲ ಮುಟ್ಟಿ ನೋಡು.”