ಕೊರಡು ಬೀಳದ ಅರ್ಧ

ರಾಗಿ ಪೈರು ಗೇಣುದ್ದವಾದಾಗ ಅದರ ಮೇಲೆ ಮರದ ಕೊರಡು ಎಳೆಯುವುದು ಯಗಟಿಯ ಪುಟ್ಟಯ್ಯನಿಗೆ ಅಪ್ಪನ ಕಾಲದಿಂದ ಬಂದ ರೂಢಿ. ಮಲಗಿದ ಪೈರು ನಾಲ್ಕು ದಿನಕ್ಕೆ ಎದ್ದು ಬುಡದಲ್ಲಿ ತೆಂಡೆ, ಅಂದರೆ ಹೊಸ ಕವಲು, ಒಡೆಯುತ್ತದೆ. ಯಾಕೆ ಒಡೆಯುತ್ತದೆ ಎಂಬುದೇ ಮಗಳು ಭೂಮಿಕಾಳ ಪಿಎಚ್‌ಡಿ. ತೆಂಡೆಯನ್ನು ತಡೆದು ಹಿಡಿಯುವ ಪ್ರೋಟೀನೊಂದು ಬುಡದಲ್ಲಿದೆ, ಪೆಟ್ಟು ಬಿದ್ದೊಡನೆ ಗಿಡದ ಹಾರ್ಮೋನು ಅದನ್ನು ಕರಗಿಸುತ್ತದೆ ಎಂದು ಅವಳ ಊಹೆ.

ಹೊಲದ ಮೂಲೆಯಲ್ಲಿ ಹಗ್ಗ ಕಟ್ಟಿ, ಈ ಕಡೆ ಕೊರಡು ಎಳೆಯಿರಿ, ಆ ಕಡೆ ಮುಟ್ಟಲೇಬೇಡಿ ಎಂದು ಅಪ್ಪನಿಗೆ ಹೇಳಿ ಹೋಗಿದ್ದಳು. ಕೊರಡು ಎಳೆದ ಐದನೆಯ ದಿನ ಬಂದು ಎರಡೂ ಕಡೆಯ ಬುಡ ಕೊಯ್ದು, ಕೆಡದಿರಲೆಂದು ಹೊಗೆಯಾಡುವ ದ್ರವ ನೈಟ್ರೋಜನ್ ಕ್ಯಾನಿಗೆ ಹಾಕಿ, ಲ್ಯಾಬಿಗೆ ಹೋಗಲು ಬೀರೂರಿನಲ್ಲಿ ಶಿವಮೊಗ್ಗದ ರೈಲು ಹತ್ತಿದಳು.

ಲ್ಯಾಬಿನ ಫಿಲ್ಮಿನ ಮೇಲೆ ಪ್ರೋಟೀನು ಇದ್ದಷ್ಟೂ ಪಟ್ಟಿ ಕಪ್ಪಾಗುತ್ತದೆ. ಕೊರಡು ಬಿದ್ದ ಗಿಡದ ಪಟ್ಟಿ ಮಸುಕಾಗಿ, ಬೀಳದ್ದು ಕಪ್ಪಾಗಿ ಬರಬೇಕಿತ್ತು. ಎರಡೂ ಮಸುಕಾಗಿದ್ದವು. ತನ್ನ ಕೈಯದೇ ತಪ್ಪೆಂದು ಮತ್ತೆ ಮಾಡಿದಳು. ಪ್ರೋಟೀನನ್ನು ಗುರುತಿಸುವ ಆ್ಯಂಟಿಬಾಡಿ ಮುಗಿಯುವವರೆಗೂ ಮಾಡಿದಳು. ಫೆಲೋಶಿಪ್ ಮಾರ್ಚಿಗೆ ಮುಗಿಯುತ್ತದೆ, ಅಷ್ಟರೊಳಗೆ ಇನ್ನೊಂದು ಬೆಳೆ ಬರುವುದಿಲ್ಲ, ಇದಿಲ್ಲದೆ ಥೀಸಿಸ್ ನಿಲ್ಲುವುದಿಲ್ಲ ಎಂದರು ಗೈಡ್ ಜಯದೇವಪ್ಪ. ಬೈಯಲೂ ಇಲ್ಲ.

ಕೊಯ್ಲಿಗೆ ಊರಿಗೆ ಬಂದವಳು ಹಗ್ಗದ ಬಳಿ ನಿಂತಳು. ಆ ಕಡೆಯ ಗಿಡವೊಂದನ್ನು ಬಗ್ಗಿಸಿ ನೋಡಿದಳು, ಇನ್ನೊಂದನ್ನು ನೋಡಿದಳು. ಈ ಕಡೆಯಷ್ಟೇ ತೆಂಡೆ, ಅಷ್ಟೇ ತೆನೆ.

"ಅಪ್ಪಯ್ಯ, ಆ ಕಡೀಕೂ ಕೊರಡು ಎಳೆದ್ರಾ?"

ಪುಟ್ಟಯ್ಯ ಕುಡುಗೋಲು ಮಸೆಯುತ್ತಿದ್ದ.

"ಎತ್ತು ಕಟ್ಲಿಲ್ಲ ಕಣವ್ವ. ನಾನೇ ಹೆಗಲಿಗೆ ಹಗ್ಗ ಹಾಕ್ಕಂಡು ಎಳ್ದೆ. ಒಂದೇ ಹೊಲದಾಗೆ ಅರ್ಧ ಪೈರಿಗೆ ಮಾಡಿ ಅರ್ಧಕ್ಕೆ ಬಿಟ್ರೆ, ನೋಡ್ದೋರು ನನ್ನ ಏನಂತಾರೆ? ನಿನ್ನ ಓದಿನ ರಾಗಿ ಸೊರಗ್ಬಾರ್ದು ಅಂತ."

ಅವಳು ಬಗ್ಗಿಸಿ ಹಿಡಿದಿದ್ದ ಗಿಡವನ್ನು ಬಿಟ್ಟಳು. ಮಸೆಯುವ ಸದ್ದು ನಿಂತಿತು.

"ಯಾಕವ್ವ, ಪರೀಕ್ಷೆಗೆ ಏನಾದ್ರೂ ಆಯ್ತಾ?"

"ಇಲ್ಲ ಅಪ್ಪಯ್ಯ. ಚೆನ್ನಾಗ್ ಬಂದೈತೆ."

ಅವನ ಮುಖ ಸಡಿಲವಾಯಿತು. ಹಾಗಾದರೆ ಈ ರಾಗಿಯನ್ನು ಬೇರೆಯಾಗಿಯೇ ಬಡಿದು ಅವಳ ಮೇಷ್ಟರಿಗೆ ಒಂದು ಚೀಲ ಕಳಿಸುತ್ತೇನೆ ಎಂದ. ಹಗ್ಗ ಬಿಚ್ಚಿ ಸುತ್ತಿಟ್ಟು ಕೊಯ್ಯಲು ಬಗ್ಗಿದ. ಭೂಮಿಕಾ ಹಿಂದೆ ಹಿಂದೆ ನಡೆದು, ಅವನು ಕೊಯ್ದು ಹಾಕಿದ ಎರಡೂ ಕಡೆಯ ತಾಳನ್ನು ಸೇರಿಸಿ ಒಂದೇ ಸಿವುಡು ಕಟ್ಟಿದಳು.